ಮೂರು ಎಕರೆ ನೀರು, ಮರೆಯದ ಮೀನು: ರೆಡ್‌ಮೈರ್ ಕೊಳದ ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಹೆರೆಫರ್ಡ್‌ಶೈರ್ ಕೌಂಟಿಯಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಲ್ಯಾಂಗ್ಯಾರನ್ ಎಂಬ ಹಳ್ಳಿಯ ಪಕ್ಕ ಒಂದು ಪುಟ್ಟ ಕೊಳ ಇದೆ. ವಿಸ್ತಾರ ಸುಮಾರು 3 ಎಕರೆ. ಸಣ್ಣ ತೊರೆಗೆ ಏರಿ ಕಟ್ಟಿ ನಿಲ್ಲಿಸಿದ ನೀರು. ಏರಿಯ ಕಡೆ ಆಳ, ತೊರೆ ಬಂದು ಸೇರುವ ತುದಿಯಲ್ಲಿ ತೆಳು. ಸುತ್ತ ಮರಗಳು. ನಮ್ಮ ಬಯಲುಸೀಮೆಯಲ್ಲಾದರೆ ಇಷ್ಟು ನೀರಿಗೆ ಕೆರೆ ಅಂತ ಮರ್ಯಾದೆ ಕೊಡುವುದೂ ಕಷ್ಟ, ಕಟ್ಟೆ ಅಂದು ಸುಮ್ನಾಗುತ್ತಾರೆ. ಕೊಳದ ಹಳೆಯ ಹೆಸರು ಬರ್ನಿಥನ್. ಗಾಳ ಹಾಕುವವರು ಜಾಗ ಹೊರಗೆ ಗೊತ್ತಾಗಬಾರದು ಅಂತ ಇಟ್ಟ ಹೆಸರು ರೆಡ್‌ಮೈರ್. ಕೊನೆಗೆ ಗುಟ್ಟಿನ ಹೆಸರೇ ಜಗತ್ತಿಗೆಲ್ಲ ಗೊತ್ತಾಯಿತು, ಅದು ಬೇರೆ ಮಾತು.

ಬ್ರಿಟನ್ನಿನ ಕಾರ್ಪ್ ಮೀನಿನ ದಾಖಲೆಯನ್ನು ಈ ಕೊಳ ಮೂರು ಸಲ ಮುರಿದಿದೆ. 1951ರಲ್ಲಿ, 1952ರಲ್ಲಿ, ಮತ್ತೆ 1980ರಲ್ಲಿ. ಇದೇ ಕೊಳದ ದಡದಲ್ಲಿ ಆ ದೇಶದ ಅತಿ ನುರಿತ ಗಾಳದವರು ರಾತ್ರಿಗಟ್ಟಲೆ ಕೂತು, ಒಂದು ಸಲವೂ ದಾರ ಅಲುಗದೆ ಎದ್ದು ಹೋಗಿದ್ದಾರೆ. ಅಷ್ಟು ಚಿಕ್ಕ ನೀರಿನಲ್ಲಿ ಅಷ್ಟು ದೊಡ್ಡ ಮೀನು. ಹಾಗಿದ್ದರೆ ಹಿಡಿಯೋದು ಸುಲಭ ಆಗಬೇಕಿತ್ತಲ್ವಾ? ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಇಲ್ಲಿನ ಪ್ರಶ್ನೆ.

ಜೊಂಡು ಜಾಸ್ತಿ, ನೀರು ಸರಿಯಿಲ್ಲ, ಅದೃಷ್ಟ ಇಲ್ಲ, ಹೀಗೆ ನೂರು ಕಾರಣ ಹೇಳಬಹುದು. ಅವೆಲ್ಲ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಮೂವತ್ತು ವರ್ಷದ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ: ರೆಡ್‌ಮೈರ್ ಅನ್ನು ಕಷ್ಟದ ಕೊಳ ಮಾಡಿದ್ದು ಅದರೊಳಗಿನ ಮೀನಿನ ನೆನಪು. ಒಂದು ಉಪಾಯ ಗೆದ್ದ ದಿನವೇ ಅದರ ಸೋಲೂ ಶುರುವಾಗುತ್ತಿತ್ತು.

ಐವತ್ತು ಮರಿಗಳ ಲೆಕ್ಕ

1934ರಲ್ಲಿ ಈ ಕೊಳಕ್ಕೆ 50 ಕಾರ್ಪ್ ಮರಿಗಳನ್ನು ಬಿಟ್ಟರು. ಸರ್ರೆ ಟ್ರೌಟ್ ಫಾರ್ಮ್‌ನ ಡೊನಾಲ್ಡ್ ಲೆನಿ ಅವರು ಕೊಟ್ಟ ಮರಿಗಳು. ಬಂದದ್ದು ಹಾಲೆಂಡಿನಿಂದ. ಗಾಳ ಹಾಕಿ ಹಿಡಿಯುವ ಯೋಚನೆ ಆಗ ಯಾರಿಗೂ ಇರಲಿಲ್ಲವಂತೆ. ನೀರಿನಲ್ಲಿ ಬೆಳೆದ ಗಿಡ ಕಡಿಮೆಯಾಗಲಿ ಅಂತ ಮಾಲೀಕರು ತರಿಸಿದ್ದು ಅನ್ನುತ್ತಾರೆ.

50 ಅನ್ನುವ ಸಂಖ್ಯೆಯನ್ನು ನಮ್ಮ ಕಡೆಯ ಲೆಕ್ಕದ ಪಕ್ಕ ಇಟ್ಟು ನೋಡಿ. ಇಲ್ಲಿ ಮೀನು ಸಾಕುವ ಹೊಂಡಗಳಿಗೆ ಒಂದು ಹೆಕ್ಟೇರಿಗೆ 5000 ಮರಿ ಬಿಡುವುದು ಮಾಮೂಲು. ರೆಡ್‌ಮೈರ್ ಹತ್ತಿರ ಹತ್ತಿರ 1.2 ಹೆಕ್ಟೇರ್. ಅಂದರೆ ಹೆಕ್ಟೇರಿಗೆ ನಲವತ್ತು ಚಿಲ್ಲರೆ ಮರಿ. ನಮ್ಮ ಲೆಕ್ಕದ ನೂರನೇ ಒಂದು ಪಾಲೂ ಅಲ್ಲ. ಆಮೇಲೆ ಅವು ಅಲ್ಲೇ ಮರಿ ಹಾಕಿ ಬೆಳೆದವು ನಿಜ. ಆದರೂ ಕೊಳ ಎಂದೂ ಮೀನಿನಿಂದ ಕಿಕ್ಕಿರಿದಿರಲಿಲ್ಲ.

ಇದರಿಂದ ಎರಡು ಪರಿಣಾಮ ಆಯಿತು. ಒಂದು, ಊಟಕ್ಕೆ ಜಗಳವೇ ಇಲ್ಲ. ಹೂಳಿನಲ್ಲಿ ಕೆಂಪು ಹುಳು, ಗಿಡದ ಮೇಲೆ ಬಸವನಹುಳು, ನೀರಲ್ಲೆಲ್ಲ ಕಣ್ಣಿಗೆ ಕಂಡೂ ಕಾಣದ ಸಣ್ಣ ಜೀವಿಗಳು. ಮೀನು ಹಾಯಾಗಿ ತಿಂದು ಹಿಗ್ಗಿತು. ಇನ್ನೊಂದು, ಹಸಿವಿಲ್ಲದ ಮೀನಿಗೆ ನಿಮ್ಮ ಎರೆ ಬೇಕಾಗಿಲ್ಲ. ಮೀನು ದೊಡ್ಡದಾಗಲು ಏನು ಕಾರಣವೋ, ಅದು ಸಿಗದೇ ಇರಲೂ ಅದೇ ಕಾರಣ. ಈ ಕೊಳದ ಖುಷಿ ಮತ್ತು ಹೊಟ್ಟೆಯುರಿ ಎರಡಕ್ಕೂ ಬೇರು ಇಲ್ಲೇ ಇದೆ.

ಇದು ಬೇರೆ ಯಾವುದೋ ಮೀನು ಅಂದುಕೊಳ್ಳಬೇಡಿ. ನಮ್ಮ ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಅಂತ ಕರೆಯುವ ಜಾತಿಯೇ ಇದು. 1939ರಲ್ಲಿ ಇದರ ಒಂದು ತಳಿ ಸಿಲೋನ್‌ನಿಂದ ಊಟಿಗೆ ಬಂತು. 1957ರಲ್ಲಿ ಇನ್ನೊಂದು ತಳಿ ಬ್ಯಾಂಕಾಕ್‌ನಿಂದ ಬಂತು. ಈಗ ಕರ್ನಾಟಕದ ಲೆಕ್ಕವಿಲ್ಲದಷ್ಟು ಕೆರೆಗಳಲ್ಲಿ ಇದೆ. ಸಂತೆಯಲ್ಲಿ ತೂಗಿ ಕೊಡುತ್ತಾರೆ. ಆದರೆ ನಮ್ಮಲ್ಲಿ ಕೆರೆಯನ್ನು ಗುತ್ತಿಗೆಗೆ ಕೊಡುತ್ತಾರೆ, ಗುತ್ತಿಗೆದಾರ ಬಲೆ ಎಳೆಸುತ್ತಾನೆ, ಮೀನಿಗೆ ವಯಸ್ಸಾಗಲು ಪುರುಸೊತ್ತೇ ಇರುವುದಿಲ್ಲ. ಇಪ್ಪತ್ತು ವರ್ಷ ಬದುಕಿ, ನಾಲ್ಕಾರು ಜನ ಗಾಳದವರನ್ನು ನೋಡಿ ಬಲ್ಲ ಗೆಂಡೆ ನಮ್ಮ ಕೆರೆಯಲ್ಲಿ ಸಿಗುವುದು ಅಪರೂಪ. ರೆಡ್‌ಮೈರ್‌ನಲ್ಲಿ ಇದ್ದದ್ದೆಲ್ಲ ಅಂಥವೇ.

ಕಣ್ಣಿಗೆ ಕಾಣುತ್ತೆ, ಕೈಗೆ ಸಿಗೋದಿಲ್ಲ

1950ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ದೊಡ್ಡ ಕಾರ್ಪ್ ಹಿಡಿಯುವುದು ಆಗದ ಕೆಲಸ ಅಂತಲೇ ಜನ ನಂಬಿದ್ದರು. ಕಚ್ಚೋದೇ ಇಲ್ಲ, ಕಚ್ಚಿದರೆ ದಾರ ಹರಿದುಕೊಂಡು ಹೋಗುತ್ತೆ, ಅಷ್ಟೇ. ಆಗಿನ ದಾಖಲೆ 26 ಪೌಂಡ್, ಅಂದರೆ 11.8 ಕೆಜಿ. 1930ರಲ್ಲಿ ಮ್ಯಾಪರ್ಲಿ ಜಲಾಶಯದಲ್ಲಿ ಆಲ್ಬರ್ಟ್ ಬಕ್ಲಿ ಹಿಡಿದದ್ದು. ಅದನ್ನು ಮೀರಿಸುವ ಆಸೆಯನ್ನೇ ಹೆಚ್ಚಿನವರು ಬಿಟ್ಟಿದ್ದರು.

1951ರ ಅಕ್ಟೋಬರ್ 3ರಂದು ಗ್ಲಾಸ್ಟರ್‌ನ ಬಾಬ್ ರಿಚರ್ಡ್ಸ್ ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ಈ ಕೊಳದಲ್ಲಿ 31 ಪೌಂಡ್ 4 ಔನ್ಸ್ ಮೀನು ಎಳೆದರು. 14 ಕೆಜಿಗೂ ಜಾಸ್ತಿ. ಇಪ್ಪತ್ತೊಂದು ವರ್ಷದ ದಾಖಲೆ ಒಂದೇ ಏಟಿಗೆ ಹೋಯಿತು. ರಿಚರ್ಡ್ಸ್ ಆಗ ದೊಡ್ಡ ಹೆಸರಿನವರೇನಲ್ಲ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ವ್ಯಕ್ತಿ ಅವರೇ. ಆದರೆ ಚರಿತ್ರೆ ಅವರ ಮೇಲೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅದೇ ವರ್ಷ ಕೆಲವು ಕಾರ್ಪ್ ಹುಚ್ಚಿನವರು ಸೇರಿ ಕಾರ್ಪ್ ಕ್ಯಾಚರ್ಸ್ ಕ್ಲಬ್ ಅಂತ ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದರು. ರಿಚರ್ಡ್ಸ್ ಮೀನಿನ ಸುದ್ದಿ ಅವರನ್ನು ಈ ಕೊಳಕ್ಕೆ ಎಳೆದು ತಂದಿತು. ಆ ಗುಂಪಿನಲ್ಲಿ ರಿಚರ್ಡ್ ವಾಕರ್ ಇದ್ದರು.

ಬಂದವರಿಗೆ ಕಂಡದ್ದೇನು? ದಡದ ಮರ ಹತ್ತಿ ನೋಡಿದರೆ ಮೀನುಗಳು ಕೆಳಗೆ ಸಾಲಾಗಿ ತೇಲುತ್ತಿವೆ. ಬಿಸಿಲು ಕಾಯಿಸಿಕೊಳ್ಳುತ್ತಿವೆ. ಹೂಳು ಕೆದಕಿದ ಕಡೆ ಗುಳ್ಳೆ ಏಳುತ್ತಿದೆ, ನೀರು ಕದಡುತ್ತಿದೆ. ಊಟ ನಡೆದಿರುವುದು ಗೊತ್ತಾಗುತ್ತೆ. ಅದರ ಮುಂದೆ ಎರೆ ಇಟ್ಟರೆ ಪಕ್ಕದಲ್ಲೇ ಹಾದು ಹೋಗುತ್ತವೆ. ದೊಡ್ಡ ಜಲಾಶಯದಲ್ಲಿ ಬರಿಗೈ ಆದರೆ ಮೀನು ಈ ಕಡೆ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಇಲ್ಲಿ ಆ ಸಮಾಧಾನವೂ ಇಲ್ಲ. ಮೀನು ಅಲ್ಲೇ ಇದೆ, ನಿಮ್ಮ ಎರೆಯೂ ಅಲ್ಲೇ ಇದೆ, ಅದು ಬೇಡ ಅಂದಿದೆ.

ಕೊಳ ಚಿಕ್ಕದಾಗಿದ್ದೇ ದೊಡ್ಡ ತೊಂದರೆ. ಕಾರ್ಪ್ ಜಾತಿಯ ಮೀನಿಗೆ ಕಿವಿ ಬಹಳ ಚುರುಕು. ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಮೂಳೆಗಳ ಒಂದು ಸರಪಳಿ ಇರುತ್ತೆ. ನೀರಿನ ಕಂಪನ ಗಾಳಿಚೀಲಕ್ಕೆ ತಾಗಿ, ಅಲ್ಲಿಂದ ಮೂಳೆಗಳ ಮೂಲಕ ಕಿವಿಗೆ ಹೋಗುತ್ತೆ. ಮೈಯ ಎರಡೂ ಬದಿಯಲ್ಲಿ ಓಡುವ ಗೆರೆ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುತ್ತೆ. ಮೂರು ಎಕರೆಯ ಕೊಳದ ದಡದಲ್ಲಿ ಬೂಟು ಧಪ್ ಅಂದರೆ ಕೇಳದ ಮೂಲೆ ಕಡಿಮೆ. ದಡದಲ್ಲಿ ಇಬ್ಬರು ಜೋರಾಗಿ ಓಡಾಡಿದರೆ ಆ ದಿನದ ಕೆಲಸ ಮುಗಿದ ಹಾಗೆಯೇ.

ಬಾಯಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕಾರ್ಪ್‌ಗೆ ದವಡೆಯಲ್ಲಿ ಹಲ್ಲಿಲ್ಲ. ಹಲ್ಲು ಇರುವುದು ಗಂಟಲಲ್ಲಿ. ಹಾಗಾಗಿ ಅದು ನಾವು ಅಂದುಕೊಂಡ ಹಾಗೆ ಕಚ್ಚುವುದೇ ಇಲ್ಲ. ನೀರಿನ ಜೊತೆ ಎಳೆದುಕೊಳ್ಳುತ್ತೆ, ಒಳಗೇ ರುಚಿ ನೋಡುತ್ತೆ, ಬೇಡದ್ದನ್ನು ಉಗುಳುತ್ತೆ. ಅನ್ನದಲ್ಲಿ ಕಲ್ಲು ಸಿಕ್ಕರೆ ನಾವು ನಾಲಿಗೆಯಲ್ಲೇ ಬೇರೆ ಮಾಡಿ ಹೊರಗೆ ಹಾಕುತ್ತೇವಲ್ಲ, ಹಾಗೆ. ಬಾಯಿಯ ಮೀಸೆಯಲ್ಲೂ ರುಚಿ ಗೊತ್ತಾಗುತ್ತೆ. ಕೊಕ್ಕೆಯ ಗಡಸು, ದಾರದ ಬಿಗಿ ಸ್ವಲ್ಪ ತಾಗಿದರೂ ಎರೆ ಆಚೆ ಬಂತು ಅಂತಲೇ ಅರ್ಥ. ದಡದಲ್ಲಿ ಕೂತವನಿಗೆ ಇದರ ಸುಳಿವೂ ಸಿಗುವುದಿಲ್ಲ. ಇಡೀ ರಾತ್ರಿ ಒಂದು ಮೀನೂ ಬರಲಿಲ್ಲ ಅಂತ ಅವನು ಬೈದುಕೊಳ್ಳುತ್ತಾನೆ. ಬಂದು, ರುಚಿ ನೋಡಿ, ಬಿಟ್ಟು ಹೋಗಿರಬಹುದು.

1952ರ ಸೆಪ್ಟೆಂಬರ್ 13

ವಾಕರ್ ವೃತ್ತಿಯಲ್ಲಿ ಇಂಜಿನಿಯರ್. ಹುಲ್ಲು ಕತ್ತರಿಸುವ ಯಂತ್ರ ಮಾಡುವ ಕಂಪನಿಯಲ್ಲಿ ಕೆಲಸ. ಅವರು ಈ ಮೀನನ್ನು ಅದೃಷ್ಟದ ವಿಷಯ ಅಂತ ನೋಡಲಿಲ್ಲ. ಒಂದೊಂದು ತೊಂದರೆಯನ್ನೂ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಪರಿಹಾರ ಹುಡುಕಿದರು. ಈ ಪ್ರಕರಣದ ಜೀವಾಳ ಇದೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕೋಲು. ಆಗಿನ ಕೋಲುಗಳು ಒಂದೋ ಸಣ್ಣ ಮೀನಿಗೆ ಮಾಡಿದ ಬಳುಕುವ ಕೋಲು, ಇಲ್ಲ ಸಾಲ್ಮನ್‌ಗೆ ಮಾಡಿದ ದಪ್ಪ ಕೋಲು. ಕಾರ್ಪ್‌ನ ಓಟ ತಡೆಯಲೂ ಬೇಕು, ದಾರ ಹರಿಯಲೂ ಬಾರದು. ವಾಕರ್ ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡುವ ಕೋಲಿಗೆ ಹೊಸ ಅಳತೆ ಹಾಕಿದರು. ಒಂದಾದ ಮೇಲೆ ಒಂದು ಮಾಡಿ ನೋಡಿ, ನಾಲ್ಕನೇ ವಿನ್ಯಾಸ ಸರಿ ಬಂತು. ಅದಕ್ಕೇ ಮಾರ್ಕ್ 4 ಅಂತ ಹೆಸರು. ತುದಿಯಿಂದ ಬುಡದವರೆಗೂ ಒಂದೇ ಹದದಲ್ಲಿ ಬಾಗುವ ಕೋಲು ಅದು. ಮೀನು ಎಳೆದಾಗ ಇಡೀ ಕೋಲು ಭಾರ ಹೊರುತ್ತೆ.

ಎರಡನೆಯದು ರಾತ್ರಿ. ಮೀನು ನಿರ್ಭಯವಾಗಿ ತಿನ್ನುವುದು ಕತ್ತಲಲ್ಲಿ. ಕತ್ತಲಲ್ಲಿ ಬೆಂಡು ಕಾಣುವುದಿಲ್ಲ. ಅದಕ್ಕೆ ವಾಕರ್ ವಿದ್ಯುತ್ ಬಜರ್ ಮಾಡಿಕೊಂಡರು. ದಾರವನ್ನು ಒಂದು ಸಣ್ಣ ಕಡ್ಡಿಗೆ ತಾಗಿಸಿ ಬಿಡುವುದು. ಮೀನು ದಾರ ಎಳೆದರೆ ಕಡ್ಡಿ ಸರಿಯುತ್ತೆ, ಎರಡು ಲೋಹದ ತುದಿಗಳು ಕೂಡುತ್ತವೆ, ಬಜರ್ ಕೂಗುತ್ತೆ. ಟಾರ್ಚ್ ಬ್ಯಾಟರಿ ಸಾಕು. ಇವತ್ತು ಜಗತ್ತಿನ ಯಾವ ಕಾರ್ಪ್ ಕೊಳಕ್ಕೆ ಹೋದರೂ ಕೇಳುವ ಬೀಪ್ ಬೀಪ್ ಸದ್ದಿನ ಅಜ್ಜ ಅದು. ಬೆಳಿಗ್ಗೆಯವರೆಗೆ ನೀರು ದಿಟ್ಟಿಸಿ ಕಣ್ಣು ಕೆಡಿಸಿಕೊಳ್ಳುವ ಕಷ್ಟ ತಪ್ಪಿತು.

ಮೂರನೆಯದು ಎರೆ. ತಳದಲ್ಲಿ ಹೂಳು ಮತ್ತು ಗಿಡ. ಬರೀ ಹಿಟ್ಟಿನ ಮುದ್ದೆ ಹಾಕಿದರೆ ಅದರೊಳಗೆ ಹೂತು ಹೋಗುತ್ತೆ. ಬರೀ ಬ್ರೆಡ್ಡಿನ ಹೊರಪದರ ಹಾಕಿದರೆ ಮೇಲೆ ತೇಲುತ್ತೆ. ಎರಡನ್ನೂ ಒಂದೇ ಕೊಕ್ಕೆಗೆ ಸಿಗಿಸಿದರೆ? ಮುದ್ದೆ ಕೆಳಗೆ ಎಳೆಯುತ್ತೆ, ಬ್ರೆಡ್ಡು ಮೇಲೆ ಎತ್ತುತ್ತೆ. ಹದ ಮಾಡಿದರೆ ಎರೆ ಗಿಡದ ಮೇಲೆ ಹಗುರವಾಗಿ ಕೂತಿರುತ್ತೆ. ಮೀನು ಎಳೆದುಕೊಂಡಾಗ ಭಾರ ಗೊತ್ತಾಗುವುದಿಲ್ಲ. ಖರ್ಚಿಲ್ಲದ ಉಪಾಯ, ಆದರೆ ಮೀನಿನ ಬಾಯಿಯ ಕಡೆಯಿಂದ ಯೋಚಿಸಿದವನಿಗೆ ಮಾತ್ರ ಹೊಳೆಯುವಂಥದ್ದು.

ಸೆಪ್ಟೆಂಬರ್ 13ರ ಬೆಳಗಿನ ಜಾವ, ಇನ್ನೂ ಐದು ಗಂಟೆ ಆಗಿರಲಿಲ್ಲ, ಪೂರ್ತಿ ಕತ್ತಲು. ವಾಕರ್ ಜೊತೆ ಪೀಟರ್ ಥಾಮಸ್ ಇದ್ದರು. ಬಜರ್ ಕೂಗಿತು. 12 ಪೌಂಡ್ ತಾಳಿಕೆಯ ದಾರ, 2ನೇ ನಂಬರಿನ ಕೊಕ್ಕೆ, ಮಾರ್ಕ್ 4 ಕೋಲು. ಮೀನು ಎಲ್ಲಿ ಓಡುತ್ತಿದೆ ಅನ್ನುವುದು ಕೋಲಿನ ಬಾಗಿನಿಂದ ಮಾತ್ರ ಗೊತ್ತಾಗಬೇಕು. ಕೊನೆಗೆ ಥಾಮಸ್ ಕೈಬಲೆಗೆ ಹಾಕಿದರು. ತೂಕ 44 ಪೌಂಡ್. ಅಂದರೆ 20 ಕೆಜಿಗೆ ಕೂದಲೆಳೆ ಕಡಿಮೆ. ಹಿಂದಿನ ವರ್ಷದ ದಾಖಲೆಗಿಂತ ಸುಮಾರು 6 ಕೆಜಿ ಜಾಸ್ತಿ.

ಮುಂದೆ ಆದದ್ದು ವಿಚಿತ್ರ. ವಾಕರ್ ಮೀನನ್ನು ಕೊಲ್ಲಲಿಲ್ಲ, ವಾಪಸ್ ಬಿಡಲೂ ಇಲ್ಲ. ಲಂಡನ್ ಮೃಗಾಲಯಕ್ಕೆ ಫೋನ್ ಮಾಡಿದರು. ಅಲ್ಲಿಂದ ಗಾಡಿ ಬಂತು. ಮೀನು ಜೀವಂತವಾಗಿ ಲಂಡನ್ ಸೇರಿತು. ಅಕ್ವೇರಿಯಂನಲ್ಲಿ ಕ್ಲಾರಿಸ್ಸಾ ಅಂತ ಹೆಸರಾಯಿತು. ಜನ ಸಾಲುಗಟ್ಟಿ ನೋಡಿದರು. 1971ರವರೆಗೆ ಬದುಕಿತ್ತು. 1934ರಲ್ಲಿ ಬಿಟ್ಟ ಐವತ್ತರಲ್ಲಿ ಅದೂ ಒಂದು ಅಂತ ನಂಬಿದರೆ ಹತ್ತಿರ ಹತ್ತಿರ ನಲವತ್ತು ವರ್ಷದ ಮೀನು.

ದೊಡ್ಡ ಮೀನನ್ನು ಗಾಜಿನ ಹಿಂದೆ ನೋಡಿದ ಮೇಲೆ, ಕಾರ್ಪ್ ಹಿಡಿಯಲಾಗದ ಮೀನು ಅನ್ನುವ ಮಾತು ನಿಂತಿತು. ಯೋಚನೆ ಮಾಡಿದರೆ ಹಿಡಿಯಬಹುದು ಅಂತಾಯಿತು. ಎಲ್ಲರಿಗೂ ಹುರುಪು ಬಂತು. ಆದರೆ ಆ 44 ಪೌಂಡಿನ ದಾಖಲೆ ಮುರಿಯಲು 28 ವರ್ಷ ಬೇಕಾಯಿತು. ಕೋಲು ಗೊತ್ತು, ಬಜರ್ ಗೊತ್ತು, ಎರೆ ಗೊತ್ತು. ಆದರೂ 28 ವರ್ಷ.

ಪಾಠ ಕಲಿತದ್ದು ಯಾರು?

ಈ ಪ್ರಶ್ನೆಗೆ ಉತ್ತರ ಹಾಲೆಂಡಿನಿಂದ ಬಂತು. ಅಲ್ಲಿನ ಜೀವವಿಜ್ಞಾನಿ ಬ್ಯೂಕೆಮಾ ಅವರು ಕೊಳಗಳಲ್ಲಿ ಕಾರ್ಪ್ ಬಿಟ್ಟು, ಗಾಳ ಹಾಕಿ, ಯಾವ ಮೀನು ಎಷ್ಟು ಸಲ ಸಿಗುತ್ತೆ ಅಂತ ಲೆಕ್ಕ ಇಟ್ಟರು. 1970ರಲ್ಲಿ ಪ್ರಕಟವಾದ ಅವರ ತೀರ್ಮಾನ ಹೀಗಿತ್ತು: ಒಂದೇ ಒಂದು ಸಲ ಕೊಕ್ಕೆಗೆ ಸಿಕ್ಕರೆ ಸಾಕು, ಆ ಮೀನನ್ನು ಮತ್ತೆ ಹಿಡಿಯುವುದು ಬಹಳ ಕಷ್ಟವಾಗುತ್ತೆ. ಈ ಎಚ್ಚರ ನಾಲ್ಕು ದಿನದಲ್ಲಿ ಹೋಗುವಂಥದ್ದಲ್ಲ, ಮುಂದಿನ ವರ್ಷದವರೆಗೂ ಉಳಿಯುತ್ತೆ.

ಇದನ್ನು ರೆಡ್‌ಮೈರ್‌ಗೆ ಹಾಕಿ ನೋಡಿ. ಸಾವಿರಾರು ಮೀನಿರುವ ಕೆರೆಯಲ್ಲಿ ನೂರು ಮೀನು ಬುದ್ಧಿ ಕಲಿತರೂ ಉಳಿದವು ದಡ್ಡವೇ. ಇಲ್ಲಿ ಇರುವುದೇ ಬೆರಳೆಣಿಕೆಯ ದೊಡ್ಡ ಮೀನು. ಹಿಡಿದದ್ದನ್ನು ತೂಗಿ ವಾಪಸ್ ಬಿಡುವುದು ರೂಢಿ. ಬಿಟ್ಟ ಪ್ರತಿ ಮೀನೂ ಒಂದು ಅನುಭವ ಇಟ್ಟುಕೊಂಡು ನೀರಿಗೆ ಹೋಗುತ್ತೆ. ಬ್ರೆಡ್ಡಿನ ಚೂರು ತೇಲಿದರೆ ಏನು ಅರ್ಥ ಅಂತ ಅದಕ್ಕೆ ಗೊತ್ತು. ಒಂದೆರಡು ವರ್ಷದಲ್ಲಿ ಕೊಳಕ್ಕೆ ಕೊಳವೇ ಬ್ರೆಡ್ಡಿನ ವಿಷಯದಲ್ಲಿ ಹುಷಾರಾಗುತ್ತೆ. ದಡದ ಮನುಷ್ಯನಿಗೆ ಮಾತ್ರ ಇದು ಗೊತ್ತಾಗುವುದಿಲ್ಲ. ಹಿಂದಿನ ವರ್ಷ ಗೆದ್ದ ಎರೆಯನ್ನೇ ಹಿಡಿದುಕೊಂಡು ಬರುತ್ತಾನೆ. ಈ ಕೊಳದ ಹತಾಶೆಯಲ್ಲಿ ಅರ್ಧ ಭಾಗ ಇದೇ ಅಂತ ನನ್ನ ಅಭಿಪ್ರಾಯ.

1960ರ ದಶಕದ ಕೊನೆಯಲ್ಲಿ ಜ್ಯಾಕ್ ಹಿಲ್ಟನ್ ನೇತೃತ್ವದ ಗುಂಪು ಕೊಳವನ್ನು ಗುತ್ತಿಗೆಗೆ ಹಿಡಿಯಿತು. ಶ್ರದ್ಧೆಯ ಜನ. ಅವರಿಗೂ ಬರಿಗೈ ದಿನಗಳೇ ಜಾಸ್ತಿ. 1970ರ ದಶಕದ ಮೊದಲ ವರ್ಷಗಳಲ್ಲಿ ರಾಡ್ ಹಚಿನ್ಸನ್ ಬಂದರು. ಅವರು ಮೀನು ತನ್ನಷ್ಟಕ್ಕೆ ತಿನ್ನುವಾಗ ಏನು ಮಾಡುತ್ತೆ ಅಂತ ಗಮನಿಸಿದರು. ಸಣ್ಣ ಸಣ್ಣ ಹುಳುಗಳನ್ನು ಸಾವಿರಗಟ್ಟಲೆ ಹೆಕ್ಕುತ್ತೆ. ಹಾಗೆ ಹೆಕ್ಕುವಾಗ ಪಕ್ಕದಲ್ಲಿ ಎಷ್ಟು ದೊಡ್ಡ ತುತ್ತು ಇದ್ದರೂ ತಿರುಗಿ ನೋಡುವುದಿಲ್ಲ. ಹಾಗಿದ್ದರೆ ನಾವೂ ಕಾಳು ಚೆಲ್ಲೋಣ ಅಂತ ಅವರು ಹೊರಟರು. ಬೇಯಿಸಿದ ಸೆಣಬಿನ ಬೀಜ, ಸಿಹಿಜೋಳದ ಕಾಳು, ಇಂಥವು. ತಳದ ತುಂಬ ಕಾಳು ಹರಡಿದರೆ ಮೀನು ಒಂದೊಂದನ್ನೂ ಪರೀಕ್ಷೆ ಮಾಡುತ್ತಾ ಕೂರಲು ಆಗುವುದಿಲ್ಲ. ತಿನ್ನುವ ಭರದಲ್ಲಿ ಎಚ್ಚರ ಸಡಿಲವಾಗುತ್ತೆ. ಆ ಕಾಳುಗಳ ನಡುವೆ ಕೊಕ್ಕೆಯ ಕಾಳೂ ಒಂದು.

ಒಳ್ಳೆಯ ಫಲ ಸಿಕ್ಕಿತು. ಆದರೆ ಆಗಲೇ ಹೇಳಿದೆನಲ್ಲ, ಗೆದ್ದ ಉಪಾಯಕ್ಕೆ ಆಯುಸ್ಸು ಕಮ್ಮಿ. ಸಿಹಿಜೋಳ ಬೇರೆ ಕೊಳಗಳಿಗೂ ಹರಡಿತು. ಕೊಕ್ಕೆ ತಿಂದ ಮೀನುಗಳಿಗೆ ಹಳದಿ ಕಾಳು ಕಂಡರೇ ಅನುಮಾನ ಶುರುವಾಯಿತು. ಕಾಳಿಗೆ ಬಣ್ಣ ಹಾಕಿ ಬಳಸುವವರೂ ಹುಟ್ಟಿಕೊಂಡರು.

ಇನ್ನೊಂದು ಕಡೆ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ತೊಟ್ಟಿಯಲ್ಲಿ ಕಾರ್ಪ್ ಇಟ್ಟುಕೊಂಡು ನೋಡುತ್ತಾ ಕೂತರು. ಕೊಕ್ಕೆ ಚುಚ್ಚಿದ ಎರೆಯನ್ನು ಮೀನು ಎಷ್ಟು ಸಲೀಸಾಗಿ ಉಗುಳುತ್ತೆ ಅಂತ ಕಣ್ಣಾರೆ ಕಂಡರು. ಅವರು ಮಾಡಿದ್ದು ಇಷ್ಟೇ: ಎರೆಯನ್ನು ಕೊಕ್ಕೆಗೆ ಚುಚ್ಚುವ ಬದಲು ಒಂದು ಕೂದಲಿಗೆ ಕಟ್ಟಿ, ಕೂದಲನ್ನು ಕೊಕ್ಕೆಗೆ ಕಟ್ಟಿದರು. ಮೊದಲು ಬಳಸಿದ್ದು ನಿಜವಾದ ತಲೆಕೂದಲು. ಎರೆ ಬಾಯಿಯೊಳಗೆ ಸಲೀಸಾಗಿ ಹೋಗುತ್ತೆ, ಹಿಂದೆಯೇ ಬರಿಯ ಕೊಕ್ಕೆ ಹೋಗುತ್ತೆ. ಉಗುಳುವಾಗ ಎರೆ ಹೊರಗೆ ಬರುತ್ತೆ, ಕೊಕ್ಕೆಯ ಮೊನೆ ತುಟಿಗೆ ಸಿಗುತ್ತೆ. ಉಗುಳುವ ಬುದ್ಧಿಯೇ ಮೀನಿಗೆ ಮುಳುವಾಯಿತು. 1980ರ ದಶಕದ ಶುರುವಿನಲ್ಲಿ ಈ ಉಪಾಯ ಎಲ್ಲರಿಗೂ ಗೊತ್ತಾಯಿತು. ಕಾರ್ಪ್ ಹಿಡಿಯುವ ಕೆಲಸದ ಲೆಕ್ಕಾಚಾರವೇ ಬದಲಾಯಿತು.

ಇಲ್ಲಿ ಕಾವೇರಿಯ ಒಂದು ನೆನಪು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಮ್ಮ ಮಹಶೀರ್ ಕೂಡ ಕಾರ್ಪ್ ಕುಟುಂಬದ್ದೇ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದ ಡಿ ವೆಟ್ ಅವರು 120 ಪೌಂಡಿನ ಮಹಶೀರ್ ಹಿಡಿದಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಯುವಕರ ಒಂದು ತಂಡ ಮಹಶೀರ್ ಹುಡುಕಿಕೊಂಡು ಕಾವೇರಿಗೆ ಬಂತು. ಭೀಮೇಶ್ವರಿ, ಗಲಿಬೋರೆ ಕಡೆ ಗಾಳಕ್ಕೆ ಹಾಕುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ. ಹಿಟ್ಟು ಕಲಸಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ, ಬೇಯಿಸಿದ್ದು. ಬೇಯಿಸಿದರೆ ಮೇಲ್ಪದರ ಗಟ್ಟಿಯಾಗುತ್ತೆ, ಸಣ್ಣ ಮೀನುಗಳು ಕಿತ್ತು ತಿನ್ನಲಾಗುವುದಿಲ್ಲ. ಇಂಗ್ಲೆಂಡಿನವರು ಅದೇ ಕಾರಣಕ್ಕೆ ಹಿಟ್ಟು ಮತ್ತು ಮೊಟ್ಟೆ ಕಲಸಿ ಬೇಯಿಸಿದ ಉಂಡೆಗೆ ಬಾಯ್ಲಿ ಅಂತ ಹೆಸರಿಟ್ಟು, ಪ್ಯಾಕೆಟ್ ಮಾಡಿ ಮಾರುತ್ತಾರೆ. ನಮ್ಮ ಹೊಳೆದಂಡೆಯ ಜನ ಪ್ಯಾಕೆಟ್ ಮಾಡಲಿಲ್ಲ, ಅಷ್ಟೇ ವ್ಯತ್ಯಾಸ.

1980ರ ಜೂನ್ 16

ಇಂಗ್ಲೆಂಡಿನಲ್ಲಿ ಆಗ ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅಂತ. ಹಾಗಾಗಿ ಜೂನ್ 16 ಅಂದರೆ ಗಾಳದವರಿಗೆ ಹಬ್ಬ. ಮೂರು ತಿಂಗಳು ಯಾರ ಕಾಟವೂ ಇಲ್ಲದೆ ಮೀನಿನ ಎಚ್ಚರ ಒಂದಿಷ್ಟು ಇಳಿದಿರುವ ದಿನ ಕೂಡ. ಮುಂದೆ 1995ರಲ್ಲಿ ಹೆಚ್ಚಿನ ಕೆರೆ ಕೊಳಗಳಿಗೆ ಈ ನಿಷೇಧ ತೆಗೆದರು.

1980ರ ಆ ದಿನ ಕ್ರಿಸ್ ಯೇಟ್ಸ್ ರೆಡ್‌ಮೈರ್ ದಡದಲ್ಲಿ ಇದ್ದರು. ಅವರ ಕೈಯಲ್ಲಿ ಇದ್ದದ್ದು ಹಳೆಯ ಕಾಲದ ಬಿದಿರಿನ ಕೋಲು. ಆಗಲೇ ಫೈಬರ್ ಕೋಲುಗಳು ಬಂದು, ಬಿದಿರು ಹಿಡಿದವರನ್ನು ಜನ ನಗುತ್ತಾ ನೋಡುವ ಕಾಲ. ಕೊಕ್ಕೆಯಲ್ಲಿ ಸಿಹಿಜೋಳ. ಯೇಟ್ಸ್ ಅವರ ರೀತಿಯೇ ಬೇರೆ. ಒಂದು ಕಡೆ ಕೋಲು ನೆಟ್ಟು ಕಾಯುವುದಕ್ಕಿಂತ, ಮೆಲ್ಲಗೆ ಓಡಾಡಿ, ಮೀನನ್ನು ಮೊದಲು ಕಣ್ಣಲ್ಲಿ ಹುಡುಕಿ, ಅದು ತಿನ್ನುವ ಜಾಗಕ್ಕೆ ಸದ್ದಿಲ್ಲದೆ ಎರೆ ಇಳಿಸುವುದು. ಸಿಕ್ಕಿದ್ದು 51 ಪೌಂಡ್ 8 ಔನ್ಸ್. 23 ಕೆಜಿಗೂ ಜಾಸ್ತಿ. ವಾಕರ್ ದಾಖಲೆ ಮುರಿಯಿತು, ಅದೂ ಅದೇ ಕೊಳದಲ್ಲಿ. ಆ ಮೀನಿಗೆ ದ ಬಿಷಪ್ ಅಂತ ಹೆಸರು. ತೂಗಿದ ಮೇಲೆ ಅದು ವಾಪಸ್ ನೀರಿಗೆ ಹೋಯಿತು.

ಈ ಎರಡು ದಾಖಲೆಗಳನ್ನು ಪಕ್ಕ ಪಕ್ಕ ಇಟ್ಟರೆ ಒಂದು ವಿಷಯ ಎದ್ದು ಕಾಣುತ್ತೆ. ವಾಕರ್ ತಮ್ಮ ಕಾಲದ ಹೊಸ ಸಾಮಾನು ಹಿಡಿದು ಗೆದ್ದರು. ಯೇಟ್ಸ್ ತಮ್ಮ ಕಾಲಕ್ಕೆ ಹಳತಾದ ಸಾಮಾನು ಹಿಡಿದು ಗೆದ್ದರು. ಹಾಗಾಗಿ ಸಾಮಾನಿನಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. 1952ರ ಮೀನಿಗೆ ರಾತ್ರಿ ತಳದಲ್ಲಿ ಹಗುರವಾಗಿ ಕೂತ ಬ್ರೆಡ್ಡು ಹೊಸದು. 1980ರ ಹೊತ್ತಿಗೆ ಕೂತಲ್ಲೇ ಕಾಯುವ ಗಾಳದವನು, ಬಿಗಿಯಾದ ದಾರ, ದಾರಕ್ಕೆ ಕಟ್ಟಿ ಎಸೆದಾಗ ಧಪ್ ಅಂತ ಬೀಳುವ ಸೀಸದ ಗುಂಡು, ಎಲ್ಲ ಮೀನಿಗೆ ಗೊತ್ತಿದ್ದ ಸಂಗತಿಗಳು. ಅದಕ್ಕೆ ಗೊತ್ತಿಲ್ಲದ್ದು ಸದ್ದೇ ಇಲ್ಲದೆ ಬಂದು ನಿಂತ ಮನುಷ್ಯ. ಇದು ನನ್ನ ಓದು. ಯೇಟ್ಸ್ ಅವರಿಗೆ ಹಳೆಯ ಕೋಲಿನ ಮೇಲೆ ಬರೀ ಪ್ರೀತಿ ಇತ್ತು, ಉಳಿದದ್ದು ಅದೃಷ್ಟ ಅಂತ ವಾದಿಸುವವರು ಇದ್ದಾರೆ. ಹಬ್ಬದ ದಿನದ ಅದೃಷ್ಟವನ್ನು ನಾನೂ ಪೂರ್ತಿ ಅಲ್ಲಗಳೆಯುವುದಿಲ್ಲ.

ಹೆಸರಿಟ್ಟ ಮೇಲೆ

ಮೀನಿಗೆ ಹೆಸರು ಇಡುವ ಈ ರೂಢಿಯನ್ನು ನಮ್ಮವರು ಕೇಳಿದರೆ ನಗುತ್ತಾರೆ. ಆದರೆ ಅದಕ್ಕೆ ಕಾರಣ ಇದೆ. ಮಿರರ್ ಕಾರ್ಪ್ ಅನ್ನುವ ತಳಿಗೆ ಮೈ ತುಂಬ ಹುರುಪೆ ಇರುವುದಿಲ್ಲ. ಅಲ್ಲಲ್ಲಿ ದೊಡ್ಡ ದೊಡ್ಡ ಹುರುಪೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಫೋಟೋ ನೋಡಿದರೆ ಯಾವ ಮೀನು ಅಂತ ಹೇಳಬಹುದು. ಮುಂದೆ ಕೆಂಟ್‌ನ ಕಾನಿಂಗ್‌ಬ್ರೂಕ್ ಕೆರೆಯಲ್ಲಿ ಟೂ ಟೋನ್ ಅಂತ ಒಂದು ಮೀನು 68 ಪೌಂಡ್ 1 ಔನ್ಸ್‌ವರೆಗೆ ತೂಗಿ ಬ್ರಿಟನ್ನಿನ ದಾಖಲೆ ಆಯಿತು. ಅದಕ್ಕಾಗಿ ಜನ ವರ್ಷಗಟ್ಟಲೆ ಕಾದರು. 2010ರಲ್ಲಿ ಅದು ಸತ್ತಾಗ ಸುದ್ದಿಯಾಯಿತು. ಇಡೀ ಕೆರೆಯಲ್ಲಿ ಒಂದೇ ಮೀನಿಗಾಗಿ ಕಾಯುವ ಈ ಹುಚ್ಚು ಶುರುವಾದದ್ದು ರೆಡ್‌ಮೈರ್‌ನಂಥ ಕೊಳಗಳಲ್ಲೇ.

ರೆಡ್‌ಮೈರ್‌ನಲ್ಲಿ ಇನ್ನೂ ಒಂದು ಬಾಕಿ ಇದೆ. ಮರ ಹತ್ತಿ ನೋಡಿದವರಲ್ಲಿ ಹಲವರು, ಹಿಡಿದ ಯಾವ ಮೀನಿಗಿಂತಲೂ ದೊಡ್ಡದೊಂದನ್ನು ಕಂಡೆವು ಅಂದರು. ಅದಕ್ಕೆ ರಾಜ ಅಂತಲೇ ಕರೆದರು. 60 ಪೌಂಡ್ ಮೀರಿದ್ದು ಅಂದವರಿದ್ದಾರೆ. ಯಾರ ಕೊಕ್ಕೆಗೂ ಅದು ಬರಲಿಲ್ಲ. ಇಂಥ ಮಾತನ್ನು ನಾನು ಸ್ವಲ್ಪ ಉಪ್ಪು ಖಾರ ಕಳೆದು ಕೇಳುತ್ತೇನೆ. ಮೇಲಿಂದ ನೋಡುವಾಗ ನೀರು ತಳವನ್ನು ಹತ್ತಿರಕ್ಕೆ ತಂದು ತೋರಿಸುತ್ತೆ. ಎಂಟು ಅಡಿ ಆಳ ಆರು ಅಡಿಯ ಹಾಗೆ ಕಾಣುತ್ತೆ. ಉದ್ದದ ಅಂದಾಜು ತಪ್ಪಲು ಅಷ್ಟು ಸಾಕು. ಉದ್ದವನ್ನು ಹತ್ತನೇ ಒಂದು ಪಾಲು ಜಾಸ್ತಿ ಅಂದುಕೊಂಡರೆ ತೂಕ ಮೂರನೇ ಒಂದು ಪಾಲು ಜಾಸ್ತಿಯಾಗುತ್ತೆ, ಯಾಕೆಂದರೆ ಅಗಲ ಮತ್ತು ದಪ್ಪವೂ ಅದೇ ಲೆಕ್ಕದಲ್ಲಿ ಏರುತ್ತವೆ. 40 ಪೌಂಡಿನ ಮೀನು ಸುಮ್ನೆ 53 ಪೌಂಡಿನದಾಗುತ್ತೆ. ಜೊತೆಗೆ ರಾತ್ರಿಯಿಡೀ ಬರಿಗೈಯಲ್ಲಿ ಕೂತ ಮನುಷ್ಯನ ಕಣ್ಣು ಬೇರೆ.

ಹಾಗಂತ ಸುಳ್ಳು ಅಂತ ಬರೆದುಬಿಡುವ ಧೈರ್ಯವೂ ನನಗಿಲ್ಲ. 1950ರಲ್ಲಿ ಈ ಕಟ್ಟೆಯಲ್ಲಿ 44 ಪೌಂಡಿನ ಮೀನಿದೆ ಅಂತ ಯಾರಾದರೂ ಹೇಳಿದ್ದರೆ, ಇದೇ ಲೆಕ್ಕ ಹಾಕಿ ಅವರನ್ನೂ ವಾಪಸ್ ಕಳಿಸುತ್ತಿದ್ದೆ.